ಒಂದೇ ಕೋಣೆಯ ಮನೆಗೆ ಮಡಚುವ ಮಂಚ ಸರಿಯಾ?

ಪ್ರಶ್ನೆ: ಕಾಸರಗೋಡಿನ ವಿದ್ಯಾನಗರದಲ್ಲಿ ನಮ್ಮದು ಒಂದೇ ಕೋಣೆಯ ಫ್ಲ್ಯಾಟ್, ಸುಮಾರು 280 ಚದರ ಅಡಿ. ನಾವಿಬ್ಬರೇ ಇರುವುದು, ಒಬ್ಬರಿಗೆ ಮನೆಯಿಂದಲೇ ಕೆಲಸ. ಗೋಡೆಗೆ ಮಡಚುವ ಮಂಚ ಹಾಕಿಸಬೇಕಾ, ಕೆಳಗೆ ಸಾಮಾನು ತುಂಬುವ ಹೈಡ್ರಾಲಿಕ್ ಮಂಚ ಸಾಕಾ?

ಹಗಲು ಮನೆಯಲ್ಲೇ ಕೆಲಸ ಅಂದ ಮೇಲೆ ಮಡಚುವ ಮಂಚವೇ ಸರಿ. 5 ಅಡಿ ಅಗಲ, ಆರೂವರೆ ಅಡಿ ಉದ್ದದ ಮಂಚಕ್ಕೆ 32.5 ಚದರ ಅಡಿ ಜಾಗ ಬೇಕು. ಮಡಚಿಟ್ಟರೆ ಗೋಡೆಯಿಂದ ಒಂದೂವರೆ ಅಡಿಯಷ್ಟೇ ಮುಂದೆ ಬರುತ್ತದೆ. ಹೈಡ್ರಾಲಿಕ್ ಮಂಚ ನಮ್ಮ ಊರಿಗೆ ನನಗೆ ಅಷ್ಟು ಹಿಡಿಸುವುದಿಲ್ಲ. ನೆಲಕ್ಕೆ ಅಂಟಿದ ಮುಚ್ಚಿದ ಪೆಟ್ಟಿಗೆ ಅದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗೆ ಗಾಳಿಯೇ ಆಡುವುದಿಲ್ಲ, ಇಟ್ಟ ಕಂಬಳಿಗೆ, ಸೀರೆಗೆ ಬೂಷ್ಟು ಹಿಡಿಯುತ್ತದೆ.

ಆದರೆ ಮಡಚುವ ಮಂಚವನ್ನು ಯಾವ ಗೋಡೆಗೆ ಕೂರಿಸುತ್ತೀರಿ ಅನ್ನುವುದು ತುಂಬಾ ಮುಖ್ಯ. ಪಡುವಣ ಕಡೆಯ ಹೊರಗೋಡೆ ಬೇಡ. ಮಳೆ ಹೊಡೆಯುವುದು ಆ ಕಡೆಯಿಂದಲೇ, ತೇವ ಒಳಗಿಳಿದರೆ ಹಾಸಿಗೆ ಹಾಳು. ಒಳಗಿನ ಗೋಡೆ ನೋಡಿ. ಅದು ಯಾವುದರದ್ದು ಅಂತಲೂ ಕೇಳಿ ತಿಳಿದುಕೊಳ್ಳಿ. ಕೆಂಪುಕಲ್ಲಿನಲ್ಲಿ ಸಣ್ಣ ತೂತುಗಳು ಜಾಸ್ತಿ, ಟೊಳ್ಳು ಬ್ಲಾಕ್ ಒಳಗೆ ಖಾಲಿ. ಎರಡರಲ್ಲೂ ಬರೀ ಪ್ಲಾಸ್ಟಿಕ್ ಪ್ಲಗ್ ಹೊಡೆದು ಸ್ಕ್ರೂ ಬಿಗಿದರೆ ದಿನಾ ಎಳೆದು ಎಳೆದು ಸಡಿಲ ಆಗುತ್ತದೆ. ಮಂಚದ ಚೌಕಟ್ಟನ್ನು ನೆಲಕ್ಕೂ ಬೋಲ್ಟ್ ಹಾಕಿ ಹಿಡಿಸಲು ಹೇಳಿ. ಮಲಗುವ ಮನುಷ್ಯನ ಜೀವದ ವಿಷಯ ಇದು, ಇಲ್ಲಿ ದುಡ್ಡು ಉಳಿಸಬೇಡಿ. ಯಾವ ಹಾಸಿಗೆ ಅಂತ ಮೊದಲೇ ಆಯ್ಕೆ ಮಾಡಿಡಿ. ಮಂಚ ಎತ್ತುವ ಗ್ಯಾಸ್ ಸ್ಪ್ರಿಂಗ್ ಅದರ ತೂಕಕ್ಕೆ ಹೊಂದಬೇಕು. ಬೆಳಗ್ಗೆ ಎದ್ದ ಕೂಡಲೇ ಮಡಚಬೇಡಿ, ಅರ್ಧ ಗಂಟೆ ಫ್ಯಾನ್ ಗಾಳಿಗೆ ಬಿಡಿ.

ಪ್ಲೈವುಡ್ ತರುವಾಗ ಐಎಸ್ 710 (ಭಾರತೀಯ ಮಾನಕದ ಸಂಖ್ಯೆ) ಗುರುತು ನೋಡಿ, ಅದು ಮರೈನ್ ದರ್ಜೆ, ಅಂದರೆ ನೀರು ತಡೆಯುವಂಥದ್ದು. ಐಎಸ್ 303ರ ಎಂಆರ್ ಪ್ಲೈ ಸ್ವಲ್ಪ ತೇವ ತಡೆಯುತ್ತದೆ, ನೀರು ತಡೆಯುವುದಿಲ್ಲ. ಮರದ ಚೂರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಅಂತೂ ಅಂಚಿನಲ್ಲೇ ಉಬ್ಬುತ್ತದೆ. ಸಮುದ್ರದ ಉಪ್ಪುಗಾಳಿ ಇರುವುದರಿಂದ ತಿರುಗಣಿ, ಸ್ಕ್ರೂ ಎಲ್ಲ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ.

ಕಪಾಟಿಗೆ ಜಾರುವ ಬಾಗಿಲು, ಕೆಲಸಕ್ಕೆ ಗೋಡೆಗೆ ಮಡಚುವ ಮೇಜು, ಅಡುಗೆ ಮೂಲೆಯ ಮೇಲೆ ಅಟ್ಟ. ಇವು ನಿಮಗೆ ಗೊತ್ತಿರುತ್ತವೆ. ಆದರೆ ಮಳೆಗಾಲದಲ್ಲಿ ಸಣ್ಣ ಮನೆಯ ಜಾಗ ನುಂಗುವುದು ಒದ್ದೆ ಬಟ್ಟೆ, ಅಲ್ವಾ? ಅದಕ್ಕೆ ಯಾರೂ ಜಾಗ ಇಟ್ಟುಕೊಳ್ಳುವುದೇ ಇಲ್ಲ. ಹಗ್ಗ ಎಳೆದರೆ ಮೇಲೇರುವ ಬಟ್ಟೆ ಸ್ಟ್ಯಾಂಡನ್ನು ಕಿಟಕಿಯ ಹತ್ತಿರ ಮಾಡಿಗೆ ಹಾಕಿಸಿ, ಪಕ್ಕದಲ್ಲೊಂದು ಎಕ್ಸಾಸ್ಟ್ ಫ್ಯಾನ್ ಇರಲಿ. ಆ ಕಿಟಕಿಗೆ ಅಡ್ಡವಾಗಿ ಏನನ್ನೂ ಕಟ್ಟಬೇಡಿ.

ಆಚಾರಿಗೆ ಮುಂಗಡ ಕೊಡುವ ಮೊದಲು ಮಂಚ, ಮೇಜು, ಕಪಾಟು ಎಲ್ಲವನ್ನೂ ಬಿಡಿಸಿಟ್ಟಂತೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ನೋಡಿ. ರಾತ್ರಿ ಮಂಚ ಇಳಿಸಿದ ಮೇಲೂ ಬಚ್ಚಲಿಗೆ ಹೋಗಲು ಎರಡೂವರೆ ಅಡಿ ದಾರಿ ಸಿಗಬೇಕು. ಸಿಗದಿದ್ದರೆ ಮಂಚದ ಅಗಲವನ್ನು 4 ಅಡಿಗೆ ಇಳಿಸಿ.