ಸೇತುವೆಗೆ ಬಾಂಬ್ ಹಾಕುವ ಮುನ್ನ ಕೇಳಬೇಕಾದ್ದು

ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ಮುಗಿಯಿತೆಂದರೆ ಮಂಗಳೂರು, ಉಡುಪಿಯಲ್ಲಿ ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಲೆಗಳ ಕಾಲ. ಗದಾಯುದ್ಧದ ಪ್ರಸಂಗವಾದರೆ ಜನ ಕಾದು ಕೂರುವುದು ಒಂದೇ ವಾದಕ್ಕೆ: ಭೀಮ ತೊಡೆಗೆ ಹೊಡೆದದ್ದು ಸರಿಯೇ? ಹೊಕ್ಕುಳಿನ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ನಿಯಮ ಎಂದು ಬಲರಾಮ ಸಿಡಿಯುತ್ತಾನೆ. ಕೃಷ್ಣನ ಪಾತ್ರದ ಮಾತಾಡುವ ಅರ್ಥಧಾರಿ ಅರಗಿನ ಮನೆ, ದ್ರೌಪದಿಯ ಅವಮಾನ, ಅಭಿಮನ್ಯುವಿನ ಸಾವು ಎಂದು ಒಂದೊಂದನ್ನೇ ಎತ್ತಿ ಆಡುತ್ತಾನೆ. ಚಪ್ಪಾಳೆ ಬೀಳುತ್ತದೆ. ಆದರೆ ಬಲರಾಮ ಕೇಳಿದ್ದು ಹೇಗೆ ಹೊಡೆದೆ ಎಂದು. ಸಿಕ್ಕಿದ ಉತ್ತರ ಯಾಕೆ ಹೊಡೆದೆ ಎಂಬುದಕ್ಕೆ. ಯುದ್ಧದ ಕಾನೂನು ಕಲಿಸುವವರು ಮೊದಲು ಬಿಡಿಸಬೇಕಾದ ಗಂಟು ಇದೇ.

ಯಾಕೆ ಎಂಬುದಕ್ಕೆ 1945ರ ವಿಶ್ವಸಂಸ್ಥೆಯ ಸನ್ನದು ಉತ್ತರಿಸುತ್ತದೆ. ಅದರ 2(4)ನೇ ವಿಧಿ ಬಲಪ್ರಯೋಗವನ್ನು ನಿಷೇಧಿಸುತ್ತದೆ, 51ನೇ ವಿಧಿ ಸಶಸ್ತ್ರ ದಾಳಿಯಾದಾಗ ಆತ್ಮರಕ್ಷಣೆಯ ಹಕ್ಕನ್ನು ಉಳಿಸಿಕೊಡುತ್ತದೆ. ಮೈಮೇಲೆ ಬಿದ್ದವನನ್ನು ತಡೆಯುವ ಯುದ್ಧಕ್ಕೆ ನೈತಿಕ ಸಮರ್ಥನೆ ಉಂಟು ಎಂದೇ ನಾನು ನಂಬುತ್ತೇನೆ. ಆದರೆ ಆ ಸಮರ್ಥನೆ ಮುಂದಿನ ಒಂದೊಂದು ದಾಳಿಗೂ ತಾನಾಗಿ ಅನ್ವಯಿಸುವುದಿಲ್ಲ. ಹೇಗೆ ಎಂಬ ಪ್ರಶ್ನೆಗೆ 1949ರ ನಾಲ್ಕು ಜಿನೀವಾ ಒಪ್ಪಂದಗಳು, ಅವಕ್ಕೆ ಪೂರಕವಾದ 1977ರ ಮೊದಲ ಹೆಚ್ಚುವರಿ ಪ್ರೋಟೋಕಾಲ್ ಇವೆ. ಜಿನೀವಾ ಒಪ್ಪಂದಗಳಿಗಾಗಿ ಭಾರತ 1960ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿದೆ, ಪ್ರೋಟೋಕಾಲನ್ನು ಒಪ್ಪಿಕೊಂಡಿಲ್ಲ. ಆದರೂ ಅದರ ತಿರುಳಾದ ನಿಯಮಗಳು ದೇಶಗಳ ನಡವಳಿಕೆಯಿಂದ ಬೆಳೆದ ರೂಢಿಗತ ಕಾನೂನಾಗಿ ಎಲ್ಲರಿಗೂ ಅನ್ವಯಿಸುತ್ತವೆ.

ಮಂಗಳೂರಿನ ಹೆದ್ದಾರಿಯಲ್ಲಿರುವ ನಮ್ಮ ನೇತ್ರಾವತಿ ಸೇತುವೆಯನ್ನೇ ತೆಗೆದುಕೊಳ್ಳಿ. ಯುದ್ಧ ನಡೆಯುತ್ತಿದೆ, ಶತ್ರುವಿನ ಕಮಾಂಡರ್ ಅದನ್ನು ಒಡೆಯಬೇಕೆಂದಿದ್ದಾನೆ ಎನ್ನೋಣ. ಅವನು ಮೊದಲು ಕೇಳಿಕೊಳ್ಳಬೇಕಾದ್ದು: ಇದು ಸೇನಾ ಗುರಿಯೇ? ಹೆದ್ದಾರಿ ಎಂದಷ್ಟಕ್ಕೇ ಸಾಲದು. ಈ ಹೊತ್ತಿನಲ್ಲಿ ಅದರ ಮೇಲೆ ಸೇನೆಯ ವಾಹನಗಳು ದಾಟುತ್ತಿರಬೇಕು, ಇಲ್ಲವೇ ದಾಟಲಿರುವುದಕ್ಕೆ ಗಟ್ಟಿ ಮಾಹಿತಿ ಇರಬೇಕು. ಸೇತುವೆ ಬಿದ್ದರೆ ಅವನಿಗೆ ಖಚಿತ ಸೇನಾ ಲಾಭ ಆಗಬೇಕು. ಕಳೆದ ತಿಂಗಳು ದಾಟಿದ್ದವು ಎಂಬುದು ಸಾಕಾಗುವುದಿಲ್ಲ.

ಗುರಿ ಹೌದಾದರೆ ತೂಗಿ ನೋಡುವ ಕೆಲಸ. ನಿರೀಕ್ಷಿಸಬಹುದಾದ ನಾಗರಿಕ ಹಾನಿ, ನಿರ್ದಿಷ್ಟ ಮತ್ತು ನೇರ ಸೇನಾ ಲಾಭಕ್ಕಿಂತ ವಿಪರೀತವಾಗಬಾರದು. ತಪ್ಪು ಹೆಚ್ಚಾಗಿ ಆಗುವುದು ಇಲ್ಲಿಯೇ, ಅದೂ ತಕ್ಕಡಿಯ ಎರಡೂ ತಟ್ಟೆಯಲ್ಲಿ. ಲಾಭದ ಕಡೆ 'ಯುದ್ಧ ಬೇಗ ಮುಗಿಯುತ್ತದೆ' ಎಂದು ಬರೆದುಬಿಟ್ಟರೆ ಎದುರಿಗೆ ಎಷ್ಟು ಹೆಣ ಇಟ್ಟರೂ ಹಗುರವೇ. ಅದಕ್ಕೇ ಕಾನೂನು ಕೇಳುವುದು ಈ ದಾಳಿಯಿಂದ ಸಿಗುವ ಲಾಭವನ್ನು: ಒಂದು ಪಡೆಯ ಮುನ್ನಡೆ ಎರಡು ದಿನ ತಡೆದೀತೇ, ಮೂರು ದಿನವೇ? ಹಾನಿಯ ಕಡೆ ಸ್ಫೋಟದಲ್ಲಿ ಸಾಯುವವರನ್ನು ಮಾತ್ರ ಎಣಿಸುತ್ತಾರೆ. ಮಂಗಳೂರಿನಿಂದ ದೇರಳಕಟ್ಟೆಯ ಆಸ್ಪತ್ರೆಗಳಿಗೆ ಹೊರಟ ಆ್ಯಂಬುಲೆನ್ಸ್ ಬೇರೆ ದಾರಿ ಸುತ್ತಿ ಬರಬೇಕಾಗುತ್ತದಲ್ಲ? ಮೊದಲೇ ಊಹಿಸಬಹುದಾದ ಅಂಥ ಸಾವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಬಳಿಕ ಮುಂಜಾಗ್ರತೆ. ಬೆಳಗ್ಗೆ ಎಂಟೂವರೆಗೆ ಕಾಲೇಜು ಬಸ್ಸುಗಳು ತುಂಬಿರುವಾಗ ಹಾಕುವ ಬಾಂಬೂ ನಸುಕಿನ ಮೂರಕ್ಕೆ ಹಾಕುವ ಬಾಂಬೂ ಸೇತುವೆಗೆ ಒಂದೇ, ಜನರಿಗೆ ಒಂದೇ ಅಲ್ಲ. ಹೊತ್ತು, ಅಸ್ತ್ರ, ಬರುವ ದಿಕ್ಕು ಇವನ್ನು ಹಾನಿ ಕಡಿಮೆಯಾಗುವಂತೆ ಆರಿಸಬೇಕು. ಸಂದರ್ಭ ಬಿಡುವುದಾದರೆ ಎಚ್ಚರಿಕೆ ಕೊಡಬೇಕು. ಹಾನಿ ವಿಪರೀತವಾಗುತ್ತದೆಂದು ಕಂಡರೆ ಕೊನೆಗಳಿಗೆಯಲ್ಲೂ ನಿಲ್ಲಿಸಬೇಕು. ಎದುರಾಳಿ ಸೇತುವೆ ಮೇಲೆ ನಾಗರಿಕರನ್ನು ಗುರಾಣಿಯಾಗಿ ನಿಲ್ಲಿಸಿದರೆ ಅಪರಾಧ ಅವನದು, ಹಾಗೆಂದು ದಾಳಿ ಮಾಡುವವನ ಹೊಣೆ ತಪ್ಪುವುದಿಲ್ಲ.

ತೀರ್ಪು ಹೇಳುವಾಗ ನೋಡುವುದು ಕಮಾಂಡರ್‌ಗೆ ಆಗ ಏನು ಗೊತ್ತಿತ್ತು, ಏನನ್ನು ತಿಳಿಯಬಹುದಿತ್ತು ಎಂಬುದನ್ನು. ಸತ್ತವರ ಸಂಖ್ಯೆಯೊಂದೇ ಅಪರಾಧಕ್ಕೆ ಸಾಕ್ಷಿಯಲ್ಲ. 1999ರ ಏಪ್ರಿಲ್ 12ರಂದು ಸರ್ಬಿಯಾದ ಗ್ರ್ದೆಲಿಟ್ಸಾದಲ್ಲಿ ನ್ಯಾಟೋ ವಿಮಾನವೊಂದು ರೈಲು ಸೇತುವೆಗೆ ಬಾಂಬ್ ಬಿಟ್ಟಿತು. ಬಾಂಬ್ ತಲುಪುವ ಕೊನೆಯ ಕ್ಷಣದಲ್ಲಿ ಪ್ರಯಾಣಿಕರ ರೈಲು ಸೇತುವೆಗೆ ಬಂದು ಪೆಟ್ಟು ತಿಂದಿತು. ವಿಮಾನದವರು ತಿರುಗಿ ಬಂದು ಸೇತುವೆಯ ಇನ್ನೊಂದು ತುದಿಗೆ ಎರಡನೆಯದನ್ನು ಬಿಟ್ಟರು. ರೈಲು ಅಷ್ಟರಲ್ಲಿ ಮುಂದಕ್ಕೆ ಸರಿದಿತ್ತು, ಅದೂ ರೈಲಿಗೇ ತಗುಲಿತು. ಕನಿಷ್ಠ 10 ಮಂದಿ ಸತ್ತರು. ಯುದ್ಧಾಪರಾಧಗಳ ವಿಚಾರಣೆಗಿದ್ದ ಯುಗೊಸ್ಲಾವಿಯಾ ನ್ಯಾಯಮಂಡಳಿಯ ಪ್ರಾಸಿಕ್ಯೂಟರ್ ನೇಮಿಸಿದ್ದ ಸಮಿತಿ ಇದರ ತನಿಖೆ ಬೇಡವೆಂದು 2000ದಲ್ಲಿ ಶಿಫಾರಸು ಮಾಡಿತು. ಆದರೆ ಎರಡನೆಯ ಬಾಂಬಿನಲ್ಲಿ ಅಜಾಗರೂಕತೆ ಇತ್ತೇ ಎಂಬ ಬಗ್ಗೆ ಸದಸ್ಯರಲ್ಲೇ ಒಮ್ಮತ ಮೂಡಲಿಲ್ಲ.

ನನ್ನ ಮಟ್ಟಿಗೆ, ಮೊದಲ ಬಾಂಬನ್ನು ಕ್ಷಮಿಸಬಹುದು, ಎರಡನೆಯದನ್ನು ಆಗದು. ರೈಲಿಗೆ ಪೆಟ್ಟಾದದ್ದು ಅಷ್ಟರಲ್ಲಿ ತಿಳಿದಿತ್ತು. ಸೇತುವೆ ಎಲ್ಲಿಗೂ ಓಡಿಹೋಗುತ್ತಿರಲಿಲ್ಲ. ಮರುದಿನ ರಾತ್ರಿಯೂ ಅದನ್ನು ಒಡೆಯಬಹುದಿತ್ತು.