ಬೆಳಿಗ್ಗೆ 7ಕ್ಕೆ ಹೊರಟ ವಿಮಾನ ಮಧ್ಯಾಹ್ನ 1ಕ್ಕೇ ಲಂಡನ್ ತಲುಪುತ್ತಾ?

ಪ್ರಶ್ನೆ: ಮಗಳು ಲಂಡನ್ನಿನಲ್ಲಿದ್ದಾಳೆ. ಜೂನ್‌ನಲ್ಲಿ ನಾನು, ನಮ್ಮ ಮನೆಯವರು ಹೋಗುತ್ತಿದ್ದೇವೆ. ಬೆಂಗಳೂರಿನಿಂದ ಬೆಳಿಗ್ಗೆ 7ಕ್ಕೆ ಹೊರಟು ಮಧ್ಯಾಹ್ನ 1ಕ್ಕೆ ತಲುಪುತ್ತದೆ ಅಂತ ಟಿಕೆಟ್‌ನಲ್ಲಿದೆ. ಬರೀ ಆರು ಗಂಟೆನಾ? ದೂರ ಎಷ್ಟು? (ಹಾಸನದ ಓದುಗರು)

ಆರಲ್ಲ, ಹತ್ತೂವರೆ ಗಂಟೆ. ಹೊರಡುವ ಹೊತ್ತನ್ನು ನಮ್ಮ ಗಡಿಯಾರದಂತೆ, ಇಳಿಯುವ ಹೊತ್ತನ್ನು ಅಲ್ಲಿಯ ಗಡಿಯಾರದಂತೆ ಟಿಕೆಟ್‌ನಲ್ಲಿ ಹಾಕುತ್ತಾರೆ. ಜೂನ್‌ನಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಮಧ್ಯಾಹ್ನ 1 ಆದಾಗ ಹಾಸನದಲ್ಲಿ ಸಂಜೆ 5:30.

ವಾಪಸ್ ಟಿಕೆಟ್ ನೋಡಿದಾಗ ಇದೇ ಲೆಕ್ಕ ತಿರುಗುತ್ತದೆ. ಅಲ್ಲಿ ಮಧ್ಯಾಹ್ನ 2ಕ್ಕೆ ಹೊರಟು ಮಾರನೇ ದಿನ ಬೆಳಗಿನ ಜಾವ 4:30ಕ್ಕೆ ಬೆಂಗಳೂರು ಅಂತಿದ್ದರೆ ಹದಿನಾಲ್ಕೂವರೆ ಗಂಟೆ ಅಂತ ಗಾಬರಿಯಾಗಬೇಡಿ. ನಾಲ್ಕೂವರೆ ಕಳೆಯಿರಿ, ಹತ್ತೇ ಗಂಟೆ. ಬರುವಾಗ ಸಾಮಾನ್ಯವಾಗಿ ಸಮಯ ಕಡಿಮೆಯೇ. ವಿಮಾನ ಹಾರುವ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಹೋಗುವಾಗ ಅದು ಎದುರಾಗುತ್ತದೆ, ಬರುವಾಗ ಬೆನ್ನಿಗೆ ಬಂದು ತಳ್ಳುತ್ತದೆ.

ದೂರ ಸುಮಾರು 8,000 ಕಿ.ಮೀ. ಇದು ಭೂಗೋಳದ ಮೇಲೆ ದಾರ ಬಿಗಿದು ಅಳೆದಂತೆ ಸಿಗುವ ಅತಿ ಹತ್ತಿರದ ದಾರಿ. ವಿಮಾನ ಇದಕ್ಕಿಂತ ಜಾಸ್ತಿಯೇ ಹಾರುತ್ತದೆ. 2022ರ ಫೆಬ್ರವರಿಯಲ್ಲಿ ಯುದ್ಧ ಶುರುವಾದ ಮೇಲೆ ಉಕ್ರೇನ್ ಮೇಲೆ ಹಾರುವ ಹಾಗಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಹಾಗಾಗಿ ಒಂದೇ ಊರಿಗೆ ಹೋಗುವ ಎರಡು ಕಂಪನಿಗಳ ವಿಮಾನಕ್ಕೆ ಬೇರೆ ಬೇರೆ ಸಮಯ ಹಿಡಿಯಬಹುದು. ಟಿಕೆಟ್ ತೆಗೆಸುವಾಗ ಕಿಲೋಮೀಟರ್ ಬಿಡಿ, ಒಟ್ಟು ಪ್ರಯಾಣದ ಗಂಟೆ ಕೇಳಿ.

ನನಗೆ ಹೆಚ್ಚು ಯೋಚನೆ ನಿಮ್ಮ ನೆಲದ ಮೇಲಿನ ಪ್ರಯಾಣದ್ದು. ಹಾಸನದಿಂದ ವಿಮಾನ ನಿಲ್ದಾಣ 200 ಕಿ.ಮೀ. ಆಸುಪಾಸು. ನೆಲಮಂಗಲದಲ್ಲಿ ದೊಡ್ಡಬಳ್ಳಾಪುರದ ಕಡೆ ತಿರುಗಿ ದೇವನಹಳ್ಳಿಗೆ ಹೋದರೆ ಬೆಂಗಳೂರು ಸಿಟಿ ಒಳಗೆ ಹೋಗುವ ಕಷ್ಟ ತಪ್ಪುತ್ತದೆ. ಆದರೂ ನಾಲ್ಕು ಗಂಟೆ ಇಟ್ಟುಕೊಳ್ಳಿ. ವಿದೇಶದ ವಿಮಾನಕ್ಕೆ ಮೂರು ಗಂಟೆ ಮೊದಲೇ ಅಲ್ಲಿರಬೇಕು, ಅಂದರೆ ಬೆಳಗಿನ ಜಾವ 4ಕ್ಕೆ. ಮನೆ ಬಿಡುವುದು ರಾತ್ರಿ 12ರ ಒಳಗೇ ಆಯಿತು. ಅಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ಸಾಲು, ಲಗೇಜು, ಮಗಳ ಮನೆಯ ದಾರಿ. ಬಾಗಿಲಿಂದ ಬಾಗಿಲಿಗೆ ಹತ್ತಿರ ಹತ್ತಿರ 20 ಗಂಟೆ! ವಯಸ್ಸಾದವರಾದರೆ ಹಿಂದಿನ ಸಂಜೆಯೇ ದೇವನಹಳ್ಳಿ ಕಡೆ ಹೋಗಿ ಉಳಿದುಕೊಳ್ಳಿ. ಆ ಖರ್ಚು ದಂಡವಲ್ಲ.

ಬಿಪಿ, ಶುಗರ್ ಮಾತ್ರೆ ಇದ್ದರೆ ಕೈಚೀಲದಲ್ಲೇ ಇರಲಿ, ದೊಡ್ಡ ಲಗೇಜಿಗೆ ಹಾಕಬೇಡಿ. ವಿಮಾನದಲ್ಲಿ ಊಟ ಕೊಡುವ ಹೊತ್ತು ನಿಮ್ಮ ಊಟದ ಹೊತ್ತಲ್ಲ. ಇಳಿಯುವ ತನಕ ಕೈಗಡಿಯಾರವನ್ನು ನಮ್ಮ ಸಮಯದಲ್ಲೇ ಬಿಡಿ. ಇನ್ಸುಲಿನ್ ತಗೊಳ್ಳುವವರು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ.

ನವೆಂಬರ್‌ವರೆಗೆ ಅಲ್ಲೇ ಇರುವುದಾದರೆ ಇನ್ನೊಂದು ವಿಷಯ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ವ್ಯತ್ಯಾಸ ಐದೂವರೆ ಗಂಟೆ. ವಾಪಸ್ ಬರುವಾಗ ಅಷ್ಟು ಕಳೆಯಿರಿ.