ಹಳೆಯ ಕಾರಿಗೆ ಸುರಿದ ದುಡ್ಡು ಎಲ್ಲಿ ಹೋಗುತ್ತದೆ?

ಕ್ಲಾಸಿಕ್ ಕಾರಿಗೆ ಬೆಲೆ ಕಟ್ಟಿಸಲು ನನ್ನ ಬಳಿ ಬರುವ ಮಾಲೀಕರಲ್ಲಿ ಅನೇಕರು ಮೊದಲು ಮುಂದಿಡುವುದು ಬಿಲ್ಲುಗಳ ಕಟ್ಟು. ಹೊಸ ಎಂಜಿನ್, ಚರ್ಮದ ಸೀಟು, ಅಲಾಯ್ ಚಕ್ರ, ಏಸಿ, ಪೇಂಟು. ಇಷ್ಟನ್ನೂ ಕೂಡಿಸಿ ಕಾರಿನ ಬೆಲೆಗೆ ಸೇರಿಸಬೇಕೆಂಬುದು ಅವರ ಲೆಕ್ಕ. ಸಂಗ್ರಾಹಕ ಅದೇ ಕಟ್ಟನ್ನು ತಿರುವಿಹಾಕಿ ಬೇರೆಯೇ ಲೆಕ್ಕ ಹಾಕುತ್ತಾನೆ: ಇದನ್ನೆಲ್ಲ ಕಿತ್ತು ಮೊದಲಿನಂತೆ ಮಾಡಲು ನನಗೆಷ್ಟು ಖರ್ಚು ಬಂದೀತು? ಆ ಮೊತ್ತವನ್ನು ಕಳೆದೇ ಅವನು ಬೆಲೆ ಹೇಳುವುದು.

ಇದು ಹಳಬರ ಮಡಿವಂತಿಕೆ ಎಂದು ಸಿಟ್ಟಾಗುವವರಿದ್ದಾರೆ. ಸ್ವಲ್ಪ ಮಡಿವಂತಿಕೆ ಇದೆ ಅನ್ನಿ. ಆದರೂ ಅದರ ಹಿಂದೆ ಸರಳ ವ್ಯಾಪಾರವೂ ಇದೆ. ಕಾರ್ಖಾನೆಯಿಂದ ಬಂದಂತೆಯೇ ಇರುವ ಕಾರನ್ನು ಆ ಮಾದರಿ ಮೆಚ್ಚುವ ಯಾರು ಬೇಕಾದರೂ ಕೊಳ್ಳಬಹುದು. ನೇರಳೆ ಬಣ್ಣ ಬಳಿದು ಡ್ಯಾಶ್‌ಬೋರ್ಡಿಗೆ ಟಚ್ ಸ್ಕ್ರೀನ್ ಕೂರಿಸಿದ್ದಕ್ಕೆ ಅದೇ ರುಚಿಯ ಇನ್ನೊಬ್ಬ ಸಿಗಬೇಕು. ಪೋರ್ಷೆ 911ರ ಮೂತಿಯನ್ನು ಚಪ್ಪಟೆ ಮಾಡುವ ‘ಸ್ಲ್ಯಾಂಟ್‌ನೋಸ್’ ಹುಚ್ಚು 1980ರ ದಶಕದಲ್ಲಿ ಜೋರಾಗಿತ್ತು. ಪೋರ್ಷೆ ಕಂಪನಿಯೇ ಹಾಗೆ ಮಾಡಿಕೊಟ್ಟ ಕಾರುಗಳನ್ನು ಇವತ್ತು ಜನ ಹುಡುಕಿಕೊಂಡು ಹೋಗುತ್ತಾರೆ. ಹೊರಗಿನ ಗ್ಯಾರೇಜಿನಲ್ಲಿ ಮೂತಿ ಕೊಯ್ಸಿಕೊಂಡವು ಅವುಗಳ ಹತ್ತಿರಕ್ಕೂ ಬರುವುದಿಲ್ಲ.

ಫೆರಾರಿ ಡೇಟೋನಾ ಇದಕ್ಕಿಂತ ಸ್ಪಷ್ಟ ಉದಾಹರಣೆ. ಗಟ್ಟಿ ಮಾಡಿನ (ಚಾವಣಿಯ) ಕೂಪೆ ತಯಾರಾದದ್ದು ಸಾವಿರಕ್ಕೂ ಹೆಚ್ಚು. ಕಾರ್ಖಾನೆಯಿಂದಲೇ ತೆರೆದ ಮಾಡಿನೊಂದಿಗೆ ಬಂದ ಸ್ಪೈಡರ್ ಸುಮಾರು 120. ಸ್ಪೈಡರ್ ಬೆಲೆ ಏರತೊಡಗಿದ ಮೇಲೆ ಒಳ್ಳೆಯ ಕೂಪೆಗಳ ಮಾಡು ಕತ್ತರಿಸಿ ಸ್ಪೈಡರ್ ಮಾಡಿಸಿದವರು ಹಲವರು. ಕೆಲವು ಕೆಲಸ ಎಷ್ಟು ಅಚ್ಚುಕಟ್ಟೆಂದರೆ ಹತ್ತು ಅಡಿ ದೂರದಿಂದ ನನಗೂ ವ್ಯತ್ಯಾಸ ತಿಳಿಯುವುದಿಲ್ಲ. ಚಾಸಿ ನಂಬರ್ ಮಾತ್ರ ಸುಳ್ಳು ಹೇಳುವುದಿಲ್ಲ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಕಾರುಗಳ ಬೆಲೆಯಲ್ಲಿ ಭಾರಿ ಅಂತರ ಹುಟ್ಟುವುದು ಅಲ್ಲಿಯೇ.

ಹಾಗಾಗಿ ನಮ್ಮ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಕಾರಿನ ಅಂದ ನೋಡುವುದಲ್ಲ, ಅಂಕಿ ಓದುವುದು. ‘ಮ್ಯಾಚಿಂಗ್ ನಂಬರ್ಸ್’ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಚಾಸಿಯ ಜೊತೆ ಹುಟ್ಟಿದ ಎಂಜಿನ್ನೇ ಇನ್ನೂ ಅದರಲ್ಲಿದೆ ಎಂದು ಅದರ ಅರ್ಥ. 1960ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಕಾರುಗಳ ಎಂಜಿನ್ ಬ್ಲಾಕಿನ ಮೇಲೆ ಆ ಕಾರಿನ ಗುರುತು ಸಂಖ್ಯೆಯ ಒಂದು ಭಾಗವನ್ನೂ ಒತ್ತುತ್ತಿದ್ದರು. ಈ ಅಂಕಿಗೆ ದುಡ್ಡಿನ ತೂಕ ಬಂದ ಮೇಲೆ ಬೇರೆ ಬ್ಲಾಕಿನ ನಂಬರ್ ಅರೆದು ಅಳಿಸಿ ಬೇಕಾದ ನಂಬರ್ ಒತ್ತುವ ಕಸುಬೂ ಹುಟ್ಟಿತು. ಷೆವ್ರೊಲೆ ಕಾರ್ವೆಟ್‌ನಲ್ಲಿ ಇದನ್ನು ಹಿಡಿಯುವ ದಾರಿ ಅಂಕಿಗಳ ಹಿಂದಿನ ಲೋಹದಲ್ಲಿದೆ. ಕಾರ್ಖಾನೆಯ ಯಂತ್ರ ಆ ಜಾಗವನ್ನು ಸಮತಟ್ಟು ಮಾಡುವಾಗ ಕೂದಲೆಳೆಯಂಥ ಸಮಾನಾಂತರ ಗೆರೆಗಳು ಉಳಿಯುತ್ತಿದ್ದವು. ಅರೆದರೆ ಗೆರೆಗಳು ಹೋಗುತ್ತವೆ, ಮರಳಿ ಮೂಡಿಸುವುದು ಸುಲಭವಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡುವುದು ಅದಕ್ಕೇ.

ಆಮೇಲೆ ಪೇಂಟಿನ ದಪ್ಪ. ಮೈಕ್ರಾನ್‌ಗಳಲ್ಲಿ ಅಳೆಯುವ ಚಿಕ್ಕ ಮೀಟರನ್ನು ಬಾಡಿಯುದ್ದಕ್ಕೂ ಇಡುತ್ತಾ ಹೋಗುತ್ತೇವೆ. ಕಾರ್ಖಾನೆಯ ಪೇಂಟು ಸಾಮಾನ್ಯವಾಗಿ ನೂರು ಚಿಲ್ಲರೆ ಮೈಕ್ರಾನ್ ತೋರಿಸುತ್ತದೆ. ಒಂದು ಬಾಗಿಲಲ್ಲಿ ಮಾತ್ರ ಸಾವಿರ ದಾಟಿದರೆ ಕೆಳಗೆ ಪುಟ್ಟಿ ಇದೆ ಎಂದೇ ತಿಳಿಯಬೇಕು. ಗಾಜಿನ ಮೂಲೆಯ ತಾರೀಖಿನ ಸಂಕೇತ, ಕಾರ್ಪೆಟ್ ಅಡಿಯ ಬಣ್ಣ ಎಲ್ಲವೂ ಸಾಕ್ಷಿಗಳೇ. 1967ರಿಂದ ಈಚಿನ ಫೋರ್ಡ್ ಕಾರುಗಳಿಗೆ ಮಾರ್ಟಿ ರಿಪೋರ್ಟ್ ಸಿಗುತ್ತದೆ. ಕಾರು ಯಾವ ಎಂಜಿನ್, ಯಾವ ಬಣ್ಣದಲ್ಲಿ ಹೊರಬಂತು ಎಂಬುದು ಅದರಲ್ಲಿರುತ್ತದೆ. ಆರು ಸಿಲಿಂಡರಿನ ಸಾಧಾರಣ ಮಸ್ಟಾಂಗನ್ನು ದುಬಾರಿ ಜಿಟಿ ಎಂದು ಮಾರಲು ಹೊರಟವರ ಬಾಯಿ ಮುಚ್ಚಿಸಲು ಆ ಹಾಳೆ ಸಾಕು.

ಮಾರ್ಪಾಡಿನ ನಷ್ಟ ಒಬ್ಬ ಮಾಲೀಕನಲ್ಲೇ ನಿಲ್ಲುವುದೂ ಇಲ್ಲ. ಫೆರಾರಿ 250 ಜಿಟಿಒ ಇರುವುದು 36 ಮಾತ್ರ. 2018ರ ಮಾಂಟೆರೆ ಹರಾಜಿನಲ್ಲಿ ಒಂದು ಕಾರು 4.84 ಕೋಟಿ ಡಾಲರಿಗೆ ಹೋಯಿತು. ಅದೇ ಕುಟುಂಬದ ಮೂರು ಲೀಟರ್ ವಿ12 ಎಂಜಿನ್ ಇದ್ದ ನಾಲ್ಕು ಸೀಟಿನ 250 ಜಿಟಿಇ ಸುಮಾರು 950 ತಯಾರಾಗಿದ್ದವು. ಒಂದು ಕಾಲಕ್ಕೆ ಅವು ಅಗ್ಗ. ಹಾಗಾಗಿ ಎಷ್ಟೋ ಜಿಟಿಇಗಳ ಚಾಸಿಯನ್ನು ಕುಗ್ಗಿಸಿ ಜಿಟಿಒ ನಕಲಿಗೆ ಬಳಸಿದರು. ಇವತ್ತು ಜಿಟಿಇಗೇ ಒಳ್ಳೆಯ ಬೆಲೆ ಬಂದಿದೆ, ಕೊಯ್ದ ಕಾರು ಮರಳಿ ಬರುವುದಿಲ್ಲ. ಈಗ ಪೋರ್ಷೆ 911ರದೇ ಒಂದು ಪೀಳಿಗೆಯಾದ 964ಗಳನ್ನು ಬಿಚ್ಚಿ ಅಮೆರಿಕದ ಸಿಂಗರ್ ಕಂಪನಿ ಮಾಡುವ ಕಾರುಗಳಿಗೆ ಮೂಲ ಕಾರಿನ ಹಲವು ಪಟ್ಟು ಬೆಲೆ ಇದೆ. ಆ ಕೆಲಸವನ್ನು ನಾನು ಮೆಚ್ಚುತ್ತೇನೆ. ಆದರೆ ಅದನ್ನು ನೋಡಿ ಸಣ್ಣ ಗ್ಯಾರೇಜಿನಲ್ಲಿ ತಮ್ಮ 964 ಬಿಚ್ಚಿಸುವವರಿಗೆ ಸಿಂಗರ್ ಹೆಸರು ಸಿಗುವುದಿಲ್ಲ, ಬಿಲ್ಲು ಮಾತ್ರ ಸಿಗುತ್ತದೆ.

ಹಾಗಂತ ಬದಲಾದ ಕಾರೆಲ್ಲ ಕಡಿಮೆಯೇ? ಖಂಡಿತ ಅಲ್ಲ. 1951ರ ಮರ್ಕ್ಯುರಿಯೊಂದರ ಮಾಡನ್ನು ತಗ್ಗಿಸಿ ಬ್ಯಾರಿಸ್ ಸೋದರರ ಗ್ಯಾರೇಜು ತಯಾರಿಸಿದ ‘ಹಿರೋಹಾಟಾ ಮರ್ಕ್’ 2022ರಲ್ಲಿ 20 ಲಕ್ಷ ಡಾಲರಿಗೂ ಮೀರಿ ಮಾರಾಟವಾಯಿತು. ಕಾರ್ಖಾನೆಯಿಂದ ಬಂದಂತೆಯೇ ಇದ್ದಿದ್ದರೆ ಅದರ ಬೆಲೆ ಇದರ ಚೂರುಪಾರು. ಹಳೆಯ ಕಾರುಗಳಿಗೆ ಹೆಸರಾದ ಅಮೆರಿಕದ ಪೆಬಲ್ ಬೀಚ್‌ನಂಥ ಮಡಿವಂತ ಪ್ರದರ್ಶನವೇ 1997ರಲ್ಲಿ ಹಾಟ್ ರಾಡ್‌ಗಳಿಗೆ, ಅಂದರೆ ವೇಗಕ್ಕಾಗಿ ಮಾರ್ಪಡಿಸಿದ ಹಳೆಯ ಕಾರುಗಳಿಗೆ, ಪ್ರತ್ಯೇಕ ವಿಭಾಗ ತೆರೆಯಿತು. ಇಂಥ ಕಾರುಗಳನ್ನು ಯಾರು, ಯಾವಾಗ ಬದಲಿಸಿದರು ಎಂಬುದು ಗೊತ್ತಿದೆ, ಆ ಕಾಲದ ಫೋಟೋಗಳಿವೆ, ಅವು ಒಂದು ಶೈಲಿಯನ್ನೇ ಹುಟ್ಟುಹಾಕಿವೆ. ಸ್ಟೀವ್ ಮೆಕ್‌ಕ್ವೀನ್ 1968ರಲ್ಲಿ ಸಿನಿಮಾಕ್ಕಾಗಿ ಓಡಿಸಿದ ಮಸ್ಟಾಂಗ್ ನೋಡಿ. 2020ರಲ್ಲಿ 34 ಲಕ್ಷ ಡಾಲರಿಗೆ ಕೂಗು ನಿಂತಾಗ ಅದಕ್ಕೆ ಹೊಸ ಪೇಂಟಿನ ಹೊಳಪಿರಲಿಲ್ಲ, ತುಕ್ಕಿತ್ತು. ಕ್ಯಾಮೆರಾ ಕೂರಿಸಲು ಕೆಳಗೆ ಬೆಸೆದಿದ್ದ ಕಬ್ಬಿಣವೇ ಅದರ ಗುರುತಿನ ಚೀಟಿಯಾಯಿತು. ಯಾರಾದರೂ ಅಂದಗೊಳಿಸುವ ಹುರುಪಿನಲ್ಲಿ ಅದನ್ನು ಕಿತ್ತೆಸೆದಿದ್ದರೆ ಉಳಿಯುತ್ತಿದ್ದದ್ದು ಒಂದು ಹಸಿರು ಮಸ್ಟಾಂಗ್ ಅಷ್ಟೆ.

ಒರಿಜಿನಲ್ ಎಂದರೆ ಯಾವ ದಿನದ ಒರಿಜಿನಲ್ ಎಂಬುದೂ ತಕರಾರಿನ ವಿಷಯವೇ. ಎರಡನೇ ಮಹಾಯುದ್ಧಕ್ಕೆ ಮೊದಲು ರೋಲ್ಸ್ ರಾಯ್ಸ್ ಮಾರುತ್ತಿದ್ದದ್ದು ಎಂಜಿನ್ ಸಮೇತದ ಚಾಸಿ; ಬಾಡಿಯನ್ನು ಹೂಪರ್, ಬಾರ್ಕರ್‌ನಂಥ ಬೇರೆ ಕಂಪನಿಗಳು ಗಿರಾಕಿಯ ಇಷ್ಟದಂತೆ ಕಟ್ಟುತ್ತಿದ್ದವು. 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ರೇಸ್ ಗೆದ್ದ ಬೆಂಟ್ಲಿ ‘ಓಲ್ಡ್ ನಂಬರ್ ಒನ್’ ವಿಷಯ 1990ರಲ್ಲಿ ಇಂಗ್ಲೆಂಡಿನ ಕೋರ್ಟಿಗೇ ಹೋಯಿತು. ಒಂದು ಕೋಟಿ ಪೌಂಡಿನ ವ್ಯವಹಾರ. ಇದು ಆ ಕಾರೇ ಅಲ್ಲ ಎಂದು ಕೊಳ್ಳುವವರು ಹಿಂದೆ ಸರಿದರು. 1929ರ ಭಾಗಗಳು ಹೆಚ್ಚುಕಡಿಮೆ ಉಳಿದಿರಲಿಲ್ಲ, ನಿಜ. ಆದರೆ ಕಾರಿನ ಇತಿಹಾಸ ಎಲ್ಲೂ ಕಡಿದಿಲ್ಲ, ಅದರ ಹೆಸರಿಗೆ ಹಕ್ಕುದಾರ ಬೇರೆ ಕಾರೂ ಇಲ್ಲ, ಆದ್ದರಿಂದ ಇದೇ ಓಲ್ಡ್ ನಂಬರ್ ಒನ್ ಎಂದು ನ್ಯಾಯಾಧೀಶರು ತೀರ್ಪಿತ್ತರು.

2024ರಲ್ಲಿ ಪೆಬಲ್ ಬೀಚ್‌ನ ಅತ್ಯುನ್ನತ ಪ್ರಶಸ್ತಿ ಮೊದಲ ಸಲ ರೀಸ್ಟೋರ್ ಮಾಡದ ಕಾರೊಂದಕ್ಕೆ, 1934ರ ಬುಗಾಟಿ ಟೈಪ್ 59ಕ್ಕೆ ಬಂತು. ತಮಾಷೆಯೆಂದರೆ ಅದೂ ಹುಟ್ಟಿದಾಗ ಇದ್ದಂತಿಲ್ಲ. ಗ್ರಾಂಪ್ರಿ ರೇಸ್ ಓಡುತ್ತಿದ್ದ ಕಾರನ್ನು ಬುಗಾಟಿ ಕಂಪನಿಯೇ ಸ್ಪೋರ್ಟ್ಸ್ ಕಾರಾಗಿ ಬದಲಿಸಿತು. ಆಮೇಲೆ ಬೆಲ್ಜಿಯಂ ದೊರೆ ಮೂರನೇ ಲಿಯೋಪೋಲ್ಡ್ ಅದನ್ನು ಕೊಂಡರು. ಅವರ ಕಾಲದ ಕಪ್ಪು ಬಣ್ಣ ಸಿಪ್ಪೆ ಎದ್ದಿದ್ದರೂ ಹಾಗೇ ಇದೆ. ಅದನ್ನು ಕೆರೆದು 1934ರ ಸ್ಥಿತಿಗೆ ಒಯ್ಯುವುದು ಪುಣ್ಯದ ಕೆಲಸವಲ್ಲ, ಕಳ್ಳತನ ಎಂದೇ ನಾನು ಹೇಳುತ್ತೇನೆ.

ಇನ್ನು ನಿಮ್ಮ ಕಾರಿನ ಮಾತು. ಸೀಟ್ ಬೆಲ್ಟ್, ಎಲೆಕ್ಟ್ರಾನಿಕ್ ಇಗ್ನಿಷನ್, ರೇಡಿಯಲ್ ಟಯರ್ ಧಾರಾಳವಾಗಿ ಹಾಕಿಸಿ. ಯಾರೂ ಬೆಲೆ ಕಡಿಮೆ ಮಾಡುವುದಿಲ್ಲ. ಬೋಲ್ಟು ಬಿಚ್ಚಿ ಮೊದಲಿನಂತೆ ಮಾಡಬಹುದಾದ ಬದಲಾವಣೆಗೆ ಹೆದರಬೇಕಿಲ್ಲ. ಕತ್ತರಿಸುವ, ಬೆಸೆಯುವ, ರಂಧ್ರ ಕೊರೆಯುವ ಮಾತು ಬಂದಾಗ ಒಂದು ವಾರ ತಡೆಯಿರಿ. ಎಲೆಕ್ಟ್ರಿಕ್ ಮೋಟಾರ್ ಕೂರಿಸುವವರಿಗೂ ಇದೇ ಮಾತು: ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಅಂಥದ್ದನ್ನು ಐತಿಹಾಸಿಕ ವಾಹನವೆಂದು ಒಪ್ಪುವುದಿಲ್ಲ, ಮಾಡಲೇಬೇಕಿದ್ದರೆ ಹಿಂದಿರುಗಿಸುವಂತಿರಲಿ ಎನ್ನುತ್ತದೆ. ತೆಗೆದ ಎಂಜಿನ್, ಕಾರ್ಬ್ಯುರೇಟರ್, ಮಾಸಿದ ಸೀಟಿನ ಬಟ್ಟೆ ಯಾವುದನ್ನೂ ಗುಜರಿಗೆ ಹಾಕಬೇಡಿ. ಪ್ರತಿಯೊಂದಕ್ಕೂ ಚೀಟಿ ಕಟ್ಟಿ, ಬಿಚ್ಚುವ ಮೊದಲು ಫೋಟೋ ತೆಗೆದು ಒಂದೆಡೆ ಇಡಿ. ಕಾರು ಮಾರುವ ದಿನ ಆ ಡಬ್ಬಗಳನ್ನೂ ಅದರ ಜೊತೆಗೇ ಕೊಡಿ.